ಫಾಲೋವರ್ಸ್ ಸಾವಿರಾರು, ಆರ್ಡರ್ ಮಾತ್ರ ಇಲ್ಲ: ಬಿಸಿನೆಸ್ ಪೇಜ್‌ಗೆ ನಿಜವಾದ ಗ್ರಾಹಕರನ್ನು ಸೆಳೆಯುವುದು ಹೇಗೆ?

ಮುಂಬೈ, ಪುಣೆ, ಹೈದರಾಬಾದ್‌ನಂತಹ ನಗರಗಳಲ್ಲಿ ಮನೆಯಲ್ಲೇ ಚಟ್ನಿ ಪುಡಿ, ಹೋಳಿಗೆ, ಹಪ್ಪಳ ಮಾಡಿ ಮಾರುವ ಅನೇಕ ಕನ್ನಡಿಗರಿಗೆ ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಪೇಜ್‌ಗಳೇ ಅಂಗಡಿ. ಇಂತಹ ಪೇಜ್ ತೆರೆದವರಿಗೆ 'ಇಷ್ಟು ಹಣ ಕೊಡಿ, ಸಾವಿರ ಫಾಲೋವರ್ಸ್ ಕೊಡುತ್ತೇವೆ' ಎಂಬ ಮೆಸೇಜ್‌ಗಳೂ ಬರುತ್ತವೆ. ಈ ಆಸೆಗೆ ಬಿದ್ದರೆ ಹಣದ ಜೊತೆಗೆ ವ್ಯಾಪಾರಕ್ಕೂ ಪೆಟ್ಟು ಬೀಳುತ್ತದೆ. ಅದು ಹೇಗೆ? ಇಲ್ಲಿದೆ ವಿವರ.

ಖರೀದಿಸಿದ ಫಾಲೋವರ್ಸ್‌ನಿಂದ ಏನು ನಷ್ಟ?

ನೀವು ಹಾಕಿದ ಪೋಸ್ಟ್ ಎಲ್ಲ ಫಾಲೋವರ್ಸ್‌ಗೂ ಕಾಣಿಸುವುದಿಲ್ಲ. ಯಾರಿಗೆ ಏನು ತೋರಿಸಬೇಕು ಎಂಬುದನ್ನು ಆಲ್ಗಾರಿದಮ್ ನಿರ್ಧರಿಸುತ್ತದೆ. ಜನ ಎಷ್ಟು ಹೊತ್ತು ನೋಡಿದರು, ನೋಡಿದವರಲ್ಲಿ ಎಷ್ಟು ಮಂದಿ ಲೈಕ್ ಮಾಡಿದರು, ಎಷ್ಟು ಮಂದಿ ಬೇರೆಯವರಿಗೆ ಕಳುಹಿಸಿದರು ಎಂಬ ಮೂರು ಅಂಶಗಳು ಮುಖ್ಯ ಎಂದು ಇನ್‌ಸ್ಟಾಗ್ರಾಂ ಮುಖ್ಯಸ್ಥ ಆಡಂ ಮೊಸೆರಿ 2025ರ ಜನವರಿಯಲ್ಲಿ ತಿಳಿಸಿದ್ದರು.

ಒಂದು ಸರಳ ಲೆಕ್ಕ ನೋಡಿ. ನಿಮ್ಮ 5,000 ಫಾಲೋವರ್ಸ್‌ನಲ್ಲಿ ನಿಜವಾದವರು 200 ಮಂದಿ ಮಾತ್ರ ಎಂದುಕೊಳ್ಳಿ. ಪೋಸ್ಟ್ 500 ಖಾತೆಗಳಿಗೆ ಹೋದರೆ ಅದರಲ್ಲಿ ನಿಜವಾದ ಜನ ಸರಾಸರಿ 20. ಉಳಿದ ಖಾತೆಗಳು ಹೋಳಿಗೆ ಆರ್ಡರ್ ಮಾಡುವುದಿಲ್ಲ. ಯಾರಿಗೂ ಆಸಕ್ತಿ ಇಲ್ಲ ಎಂದು ಭಾವಿಸುವ ಆಲ್ಗಾರಿದಮ್, ಪೋಸ್ಟ್ ಅನ್ನು ಹೊಸಬರಿಗೂ ತೋರಿಸುವುದಿಲ್ಲ.

ನಕಲಿ ಖಾತೆಗಳನ್ನು ಕಂಪನಿಗಳು ಅಳಿಸಿಹಾಕುತ್ತಲೂ ಇರುತ್ತವೆ. 2014ರ ಡಿಸೆಂಬರ್‌ನಲ್ಲಿ ಇನ್‌ಸ್ಟಾಗ್ರಾಂ ಹೀಗೆ ಮಾಡಿದಾಗ ಕೆಲವು ಸೆಲೆಬ್ರಿಟಿಗಳೇ ಲಕ್ಷಾಂತರ ಫಾಲೋವರ್ಸ್ ಕಳೆದುಕೊಂಡಿದ್ದರು. 'ಲೈಕ್ ಮಾಡಿ, ಐವರನ್ನು ಟ್ಯಾಗ್ ಮಾಡಿ' ಎಂದು ಕೇಳುವ ಪೋಸ್ಟ್‌ಗಳನ್ನು ಕೆಳಗೆ ತಳ್ಳುವುದಾಗಿ ಫೇಸ್‌ಬುಕ್ 2017ರಲ್ಲೇ ಹೇಳಿದೆ.

ಹಾಗಾದರೆ ಏನು ಮಾಡಬೇಕು?

* ಬೆಲೆ ಬರೆಯಿರಿ: 'ಬೆಲೆಗೆ ಡಿಎಂ ಮಾಡಿ' ಎಂದರೆ ಎಷ್ಟೋ ಜನ ಕೇಳದೇ ಮುಂದೆ ಹೋಗುತ್ತಾರೆ. ತೂಕ, ಬೆಲೆ, ಯಾವ ಏರಿಯಾಗೆ ಡೆಲಿವರಿ ಎಂಬುದು ಪೋಸ್ಟ್‌ನಲ್ಲೇ ಇರಲಿ.

* ಉಪಯೋಗಕ್ಕೆ ಬರುವುದನ್ನು ಹೇಳಿ: ಹೋಳಿಗೆ ಎಷ್ಟು ದಿನ ಇಡಬಹುದು, ಹೇಗೆ ಬಿಸಿ ಮಾಡಬೇಕು ಎಂಬ ಚಿಕ್ಕ ವಿಡಿಯೋವನ್ನು ಜನ ತಮ್ಮವರಿಗೆ ಕಳುಹಿಸುತ್ತಾರೆ. ಹಬ್ಬದ ಶುಭಾಶಯದ ಪೋಸ್ಟರ್ ಅನ್ನು ಕಳುಹಿಸುವವರು ಕಡಿಮೆ.

* ದೂರನ್ನು ಅಳಿಸಬೇಡಿ: 'ಹಪ್ಪಳ ಒಡೆದು ಬಂತು' ಎಂಬ ಕಮೆಂಟ್‌ಗೆ ಅಲ್ಲೇ ಉತ್ತರಿಸಿ, ಬದಲಿ ಕಳುಹಿಸಿ. ಅದನ್ನು ಓದುವ ಹತ್ತು ಮಂದಿಗೆ ನಿಮ್ಮ ಮೇಲೆ ನಂಬಿಕೆ ಬರುತ್ತದೆ.

* ನೋಂದಣಿ ತೋರಿಸಿ: ಆಹಾರ ಮಾರುವವರು 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆಯನ್ನು ಪೇಜ್‌ನಲ್ಲಿ ಹಾಕಿ.

ನಕಲಿ ರಿವ್ಯೂ ಬರೆಸಿದರೆ?

ಆನ್‌ಲೈನ್ ಮಾರುಕಟ್ಟೆ ತಾಣಗಳಲ್ಲಿ ಮಾರುವವರು ತಾವೇ ಗ್ರಾಹಕರಂತೆ ರಿವ್ಯೂ ಬರೆಯುವುದನ್ನು 2020ರ ಇ-ಕಾಮರ್ಸ್ ನಿಯಮಗಳು ನಿಷೇಧಿಸಿವೆ. ಇನ್‌ಫ್ಲುಯೆನ್ಸರ್‌ಗೆ ಹಣ ಅಥವಾ ಉಚಿತ ಉತ್ಪನ್ನ ಕೊಟ್ಟು ಪ್ರಚಾರ ಮಾಡಿಸಿದರೆ ಅದನ್ನು ವಿಡಿಯೋದಲ್ಲೇ ಸ್ಪಷ್ಟವಾಗಿ ತಿಳಿಸಬೇಕು ಎಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ.

ಫಾಲೋವರ್ಸ್ ಸಂಖ್ಯೆ ಬಿಟ್ಟು, ತಿಂಗಳಿಗೆ ಎಷ್ಟು ಜನ ವಿಚಾರಿಸಿದರು, ಎಷ್ಟು ಜನ ಎರಡನೇ ಸಲ ಆರ್ಡರ್ ಮಾಡಿದರು ಎಂದು ಬರೆದಿಡಿ. ಪೇಜ್ ನಿಜಕ್ಕೂ ಬೆಳೆಯುತ್ತಿದೆಯೇ ಎಂಬುದು ಆ ಲೆಕ್ಕದಿಂದ ಗೊತ್ತಾಗುತ್ತದೆ.