ಮುಖದ ಜೊತೆ ಮನೆಯೂ ಬರಲಿ

ಮದುವೆ ಆಲ್ಬಂಗಳಲ್ಲಿ ನನಗೆ ಸಿಟ್ಟು ಬರಿಸುವುದು ಒಂದೇ: ಮುಖ ಸುಣ್ಣ ಬಳಿದಂತೆ, ಹಿಂದಿನ ಮನೆ ಕಗ್ಗತ್ತಲು. ದೇವದುರ್ಗದಲ್ಲಿ ದೊಡ್ಡಪ್ಪನ ಮಾಳಿಗೆ ಮನೆಯನ್ನು ಬೇಸಿಗೆಗೆ ಕೆಡವುತ್ತಾರೆ. ಅಕ್ಕನ ಅರಿಶಿನ ಶಾಸ್ತ್ರವೇ ಅಲ್ಲಿನ ಕೊನೆಯ ಸಂಭ್ರಮ. ಫೋಟೊದಲ್ಲಿ ಮನೆಯೂ ಬೇಕಿತ್ತು.

ಫ್ಲ್ಯಾಷ್ ಮಿಂಚುವುದು ಸುಮಾರು 1/1000 ಸೆಕೆಂಡು. ಶಟರ್ 1/200ಕ್ಕಿದ್ದರೂ 1/30ಕ್ಕಿದ್ದರೂ ಅದರ ಬೆಳಕು ಅಷ್ಟೇ. ಆದರೆ 1/30ರಲ್ಲಿ ಬಲ್ಬಿನ, ದೀಪದ ಬೆಳಕು ಆರೇಳು ಪಟ್ಟು ಹೆಚ್ಚು ಒಳಬರುತ್ತದೆ (ಕೈ ಮಾತ್ರ ಗಟ್ಟಿ ಇರಬೇಕು!). ರಾಯಚೂರಿನ ನಮ್ಮ ರೂಮಿನಲ್ಲಾದರೆ ಫ್ಲ್ಯಾಷನ್ನು ಬಿಳಿ ಛಾವಣಿಗೆ ತಿರುಗಿಸಿದರೆ ಸಾಕು, ಬೆಳಕು ಮೆತ್ತಗೆ ಇಳಿಯುತ್ತದೆ. ಮಾಳಿಗೆಯ ಹೊಗೆ ಹಿಡಿದ ಜಂತಿಗಳು ಬೆಳಕನ್ನೇ ನುಂಗುತ್ತವೆ. ಹಾಗಾಗಿ ಪಕ್ಕದ ಸುಣ್ಣದ ಗೋಡೆಗೆ ತಿರುಗಿಸಿದೆ. ಬಲ್ಬಿನ ಹಳದಿಗೆ ಹೊಂದಲೆಂದು ಕಿತ್ತಳೆ ಜೆಲ್ ಹಚ್ಚಿದೆ.

ಆ ಮನೆಯಲ್ಲೇ ಹುಟ್ಟಿ ಮಾನ್ವಿಗೆ ಮದುವೆಯಾಗಿ ಹೋದ ಸೋದರತ್ತೆ ಪರದೆಯಲ್ಲಿ ಮದುಮಗಳನ್ನು ನೋಡಲೇ ಇಲ್ಲ. "ನಾ ದೀಪ ಹಚ್ಚತಿದ್ದ ಮಾಡ ಸುದ್ದಾ ಬಂದೈತಲ್ಲೋ!" ಎಂದರು.