ಮಿಷಿಗನ್‌ನಲ್ಲಿ ಕಲಿತ ಕಬ್ಬಿನ ಲೆಕ್ಕ

ಡೆಟ್ರಾಯಿಟ್‌ನಿಂದ ಪಶ್ಚಿಮಕ್ಕೆ ಕಾರಿನಲ್ಲಿ ಗಂಟೆ ಹೊತ್ತು ಹೋದರೆ ಆನ್ ಆರ್ಬರ್, ಮಿಷಿಗನ್ ವಿಶ್ವವಿದ್ಯಾಲಯದ ಊರು. ಹಿಮ ಬೀಳುವ ಆ ಸೀಮೆಯಲ್ಲಿ ಕಬ್ಬು ಬೆಳೆಯುವುದಿಲ್ಲ. ಆದರೂ ನಮ್ಮ ಕಬ್ಬಿನ ಕಥೆಯಲ್ಲಿ ಅದಕ್ಕೊಂದು ಪಾಲಿದೆ. ಡೆಟ್ರಾಯಿಟ್‌ನ ವಕೀಲ ಲೀವೈ ಬಾರ್ಬರ್ ಏಷ್ಯಾದ ಹೆಣ್ಣುಮಕ್ಕಳಿಗೆಂದು ಇಟ್ಟ ವಿದ್ಯಾರ್ಥಿವೇತನದಲ್ಲಿ ತಲಶೇರಿಯ ಇ.ಕೆ. ಜಾನಕಿ ಅಮ್ಮಾಳ್ ಇಲ್ಲಿ ಓದಿದರು. ಜೀವಕೋಶಕ್ಕೆ ಬಣ್ಣ ಕಟ್ಟಿ ವರ್ಣತಂತು ಎಣಿಸುವ ವಿದ್ಯೆ ಕೈವಶವಾಯಿತು. 1931ರಲ್ಲಿ ಡಾಕ್ಟರೇಟ್ ಬಂತು, 1934ರಲ್ಲಿ ಕೊಯಮತ್ತೂರಿನ ಕಬ್ಬು ತಳಿ ಕೇಂದ್ರದಲ್ಲಿ ಕೆಲಸ ಸಿಕ್ಕಿತು.

1912ರಲ್ಲಿ ಶುರುವಾದ ಆ ಕೇಂದ್ರದ ಮೊದಲ ಮುಖ್ಯಸ್ಥರ ಹೆಸರೂ ಬಾರ್ಬರ್, ಸಿ.ಎ. ಬಾರ್ಬರ್! ಅವರು, ಆಮೇಲೆ ಟಿ.ಎಸ್. ವೆಂಕಟರಾಮನ್, ಹೊಳೆದಂಡೆಯ ಕಾಡುಕಬ್ಬಿಗೆ ಕೈ ಹಾಕಿದ್ದರು. ಅದರ ಕಾಂಡ ಕಡ್ಡಿಯಷ್ಟು ಸಪೂರ, ಸಿಹಿ ಇಲ್ಲವೆನ್ನುವಷ್ಟು. ಆದರೆ ಬರಕ್ಕೂ ರೋಗಕ್ಕೂ ಜಗ್ಗದು. ಅದನ್ನು ಸಿಹಿಕಬ್ಬಿಗೆ ಕೂಡಿಸಿ ಪಡೆದ ಕೊ 205 ತಳಿ 1918ರಲ್ಲಿ ಹೊಲಕ್ಕಿಳಿಯಿತು.

ಕೂಡಿಸುವುದು ತಾಳ್ಮೆಯ ಕೆಲಸ. ಪರಾಗ ಬಲಿಯದ ಸೂಲಂಗಿಯನ್ನು, ಅಂದರೆ ಕಬ್ಬಿನ ಹೂಗೊಂಚಲನ್ನು, ಹೆಣ್ಣೆಂದು ಆರಿಸಿ ಬಟ್ಟೆಯ ಗೂಡು ಮುಚ್ಚುತ್ತಾರೆ. ಅದರ ಮೇಲೆ ಗಂಡು ಸೂಲಂಗಿ ಕಟ್ಟಿ, ಬೆಳಗಿನ ಹೊತ್ತು ಮೆಲ್ಲಗೆ ಅಲುಗಿಸಿ ಪರಾಗ ಉದುರಿಸುತ್ತಾರೆ. ವಾರಗಳ ಮೇಲೆ ತುಪ್ಪಳದಂಥ ಬೀಜ ಬಲಿಯುತ್ತದೆ. ಮೊದಲ ಪೀಳಿಗೆಯಲ್ಲಿ ಕಾಡಿನ ಗುಣವೇ ಹೆಚ್ಚು. ಹೀಗಾಗಿ ಮತ್ತೆ ಮತ್ತೆ ಸಿಹಿಕಬ್ಬಿಗೇ ಕೂಡಿಸಬೇಕು. ಇಲ್ಲೊಂದು ಸೋಜಿಗವಿದೆ: ಸಿಹಿಕಬ್ಬು ಹೆಣ್ಣಾದಾಗ ತನ್ನ 80 ವರ್ಣತಂತುಗಳಲ್ಲಿ ಅರ್ಧವನ್ನಲ್ಲ, ಅಷ್ಟನ್ನೂ ಸಂತತಿಗೆ ದಾಟಿಸುವುದುಂಟು. ಸಿಹಿ ಬೇಗ ಮರಳುವುದು ಅದರಿಂದಲೇ. ಇಂಥ ಒಗಟು ಬಿಡಿಸಲು ಎಣಿಕೆ ಬಲ್ಲವರೇ ಬೇಕು. ಜಾನಕಿ ಅಮ್ಮಾಳ್ ಕಬ್ಬನ್ನು ಎರಿಯಾಂಥಸ್ ಹುಲ್ಲಿಗೆ, ಜೋಳಕ್ಕೆ, ಮೆಕ್ಕೆಜೋಳಕ್ಕೂ ಕೂಡಿಸಿ ನೋಡಿದರು.

ರೋಗದ ಮಟ್ಟಿಗೆ ಕಾಡುಕಬ್ಬು ಕೈಹಿಡಿಯಿತು, ಹುಳುವಿನ ವಿಷಯ ಅಷ್ಟು ಸಲೀಸಲ್ಲ. ಕೊರಕ ಹುಳು ಹೆದರುವುದು ಗಟ್ಟಿ ಸಿಪ್ಪೆಗೆ, ಹೆಚ್ಚು ನಾರಿಗೆ. ಕಾರ್ಖಾನೆ ಕೇಳುವುದು ಅದಕ್ಕೆ ತದ್ವಿರುದ್ಧ. 2002ರಲ್ಲಿ ಮಹಾರಾಷ್ಟ್ರದ ಕಡೆಯಿಂದ ಬೆಳಗಾವಿ, ಬಾಗಲಕೋಟೆಯ ಗದ್ದೆಗಳಿಗೆ ಬಿಳಿ ಉಣ್ಣೆ ಹೇನು ನುಗ್ಗಿತು. ಎಲೆಯಡಿ ಬೆಳ್ಳಗೆ ಹಿಟ್ಟು ಮೆತ್ತಿದಂತೆ ಕೂತ ಆ ಹೇನನ್ನು ಮುಖ್ಯವಾಗಿ ಹದ್ದುಬಸ್ತಿಗೆ ತಂದದ್ದು ಅದನ್ನು ತಿನ್ನುವ ಡಿಫಾ, ಮೈಕ್ರೊಮಸ್ ಕೀಟಗಳು, ತಳಿಯಲ್ಲ. ಹೇನನ್ನು ತಾಳುವ ಗುಣ ಎರಿಯಾಂಥಸ್‌ನಲ್ಲಿ ಕಂಡಿದೆ. ಆ ಗುಣವನ್ನು ಸಿಹಿಕಬ್ಬಿಗೆ ತರುವುದು ವರ್ಷಗಟ್ಟಲೆಯ ಕೆಲಸ.

ಇಂಥ ಕೆಲಸಕ್ಕೆ ಬೇಕಾದ ಕಬ್ಬಿನ ಮೂಲತಳಿಗಳ ದೊಡ್ಡ ಸಂಗ್ರಹ ಈಗ ಕಣ್ಣೂರಿನಲ್ಲಿದೆ. ಹೇನು ಬಂದ ವರ್ಷ ಔಷಧಿಗೆ ಓಡುವ ನಮ್ಮ ಸಕ್ಕರೆ ಕಾರ್ಖಾನೆಗಳು, ಹುಳು ಇಲ್ಲದ ವರ್ಷದಲ್ಲೂ ಇಂಥ ಸಂಗ್ರಹಕ್ಕೆ, ತಳಿ ಕೆಲಸಕ್ಕೆ ಒಂದಿಷ್ಟು ಹಣ ತೆಗೆದಿಡಲಿ.