ಜೊತೆಯಾಟದ ಬೋಪಣ್ಣ

ಟೆನಿಸ್ಸಿನ ಡಬಲ್ಸ್ ಪಂದ್ಯವನ್ನು ಎರಡನೆಯ ದರ್ಜೆಯ ಆಟವೆಂದು ಎಣಿಸುವವರೇ ಹೆಚ್ಚು. ನನಗೆ ಹಾಗೆ ತೋರದು. ಅಂಗಣದ ಅರ್ಧವನ್ನು ಇನ್ನೊಬ್ಬನಿಗೆ ಒಪ್ಪಿಸಿ, ಅವನು ಚೆಂಡು ತಪ್ಪಿಸಿದಾಗ ಮುಖ ಸಿಂಡರಿಸದೆ ನಿಲ್ಲುವುದು ಸುಲಭದ ವಿದ್ಯೆಯಲ್ಲ.

ಕೊಡಗಿನ ಕಾಫಿ ಬೆಳೆಗಾರರ ಮಗ ರೋಹನ್ ಬೋಪಣ್ಣ ಈ ವಿದ್ಯೆಗಾಗಿ ಎರಡು ದಶಕಗಳಿಗೂ ಮಿಗಿಲಾಗಿ ದುಡಿದರು. 2010ರ ಅಮೆರಿಕನ್ ಓಪನ್ ಅಂತಿಮ ಪಂದ್ಯದಲ್ಲಿ ಅವರ ಜೊತೆಗಾರ ಪಾಕಿಸ್ತಾನದ ಐಸಾಮ್ ಉಲ್ ಹಕ್ ಖುರೇಷಿ; ಎದುರಿಗೆ ಅಮೆರಿಕದ ಬ್ರಯಾನ್ ಅವಳಿ ಸೋದರರು. ಎರಡು ಸೆಟ್ಟುಗಳೂ 7–6ರಲ್ಲಿ ಕೈತಪ್ಪಿದವು. ಹುಟ್ಟಿನಿಂದಲೇ ಜೊತೆಯಾಗಿದ್ದವರನ್ನು ಗಡಿಯ ಆಚೀಚಿನ ಇಬ್ಬರು ಅಷ್ಟರಮಟ್ಟಿಗೆ ಕಾಡಿದ್ದು ಗೆಲುವಿಗೇನು ಕಡಮೆ?

2017ರಲ್ಲಿ ಕೆನಡಾದ ಗೇಬ್ರಿಯೆಲಾ ದಬ್ರೋವ್‌ಸ್ಕಿಯೊಡನೆ ಪ್ಯಾರಿಸ್ಸಿನಲ್ಲಿ ಮಿಶ್ರ ಡಬಲ್ಸ್ ಗೆದ್ದರೂ ಪುರುಷರ ಕಿರೀಟ ದೂರವೇ ಉಳಿಯಿತು. ಮೊಣಕಾಲಿನ ಮೃದ್ವಸ್ಥಿ ಸವೆದು ನೋವು ಮಿತಿಮೀರಿದಾಗ ಅಯ್ಯಂಗಾರ್ ಯೋಗದ ಮೊರೆಹೊಕ್ಕರು. 2023ರಲ್ಲಿ ನ್ಯೂಯಾರ್ಕಿನ ಅಂತಿಮ ಪಂದ್ಯ ಮತ್ತೆ ಸೋಲು. ಕಡೆಗೆ 2024ರ ಜನವರಿಯಲ್ಲಿ, ತಮ್ಮ 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆಗೂಡಿ ಮೆಲ್ಬರ್ನಿನಲ್ಲಿ ಗೆದ್ದರು. ಜಗತ್ತಿನ ಮೊದಲ ಸ್ಥಾನವೂ ಒದಗಿತು. ಅಷ್ಟು ವಯಸ್ಸಾದ ಮೇಲೆ ಮೊದಲ ಸಲ ಆ ಮೆಟ್ಟಿಲೇರಿದವರು ಅದುವರೆಗೆ ಇರಲಿಲ್ಲ.

2025ರ ನವೆಂಬರ್ 1ರಂದು, ಕನ್ನಡ ರಾಜ್ಯೋತ್ಸವದ ದಿನವೇ, ಅವರು ವಿದಾಯ ಸಾರಿದರು. ವೃತ್ತಿಯ ಕೊನೆಯ ಪಂದ್ಯವನ್ನು ಪ್ಯಾರಿಸ್ಸಿನಲ್ಲಿ ಆಡಿದ್ದರು. ಅಂದಿನ ಜೊತೆಗಾರ ಕಜಕಿಸ್ತಾನದ ಬುಬ್ಲಿಕ್.